ಯಾಕಮ್ಮನ ಗರಗತ್ತಿ

ಮರದ ಬಾಚಣಿಗೆ ಮಾಡುವ ಕಾರ್ಖಾನೆಯಲ್ಲಿ ಹಲ್ಲುಗಳ ಸಂದಿ ತಿಕ್ಕುವ ಕೆಲಸ ಯಾರಿಗೂ ಬೇಡ. ಹಲಗೆ ಸೀಳುವವನಿಗೆ ತೋಳಿನ ಜಂಬ ಇರುತ್ತದೆ. ಗರಗಸದಲ್ಲಿ ಹಲ್ಲು ಕೊಯ್ಯುವವನಿಗೆ ತನ್ನ ಕೈ ನಡುಗುವುದಿಲ್ಲವೆಂಬ ಹೆಮ್ಮೆ ಇರುತ್ತದೆ. ಸಂದಿ ತಿಕ್ಕುವವರ ಪಾಲಿಗೆ ಬರುವುದು ಕತ್ತುನೋವು, ಮೂಗಿನ ತುಂಬ ಮರದ ಪುಡಿ, ಅಷ್ಟೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆ ಕೆಲಸಕ್ಕೆ ಕೂತ ಹುಡುಗಿಯೊಬ್ಬಳು ತಾನಾಗಿಯೇ ಅದನ್ನು ಬಿಡಲೊಪ್ಪದೆ ಉಳಿದಳು ಅಂದರೆ, ಅದಕ್ಕೆ ಬಾಚಣಿಗೆ ಕಾರಣವಲ್ಲ. ಅವಳ ಕೈಗೆ ಬಂದ ಒಂದು ಎಲೆ ಕಾರಣ.

ಅವಳನ್ನು ಅಲ್ಲಿಗೆ ಕಳಿಸಿದ್ದು ತಾಯಿ. ಅದಕ್ಕೆ ಮೊದಲು ಹೊಲಿಗೆ ಕ್ಲಾಸಿಗೆ ಸೇರಿಸಿದ್ದರು. ಮೂರನೆಯ ವಾರ ಮೇಲಿನ ದಾರ ಕೆಳಗಿನ ದಾರವನ್ನು ಹೇಗೆ ಹಿಡಿಯುತ್ತದೆಂದು ನೋಡಲು ಅವಳು ಮಿಷನ್ನಿನ ಹೊಟ್ಟೆ ಬಿಚ್ಚಿದಳು. ನೋಡಿದ್ದಾಯಿತು, ಅರ್ಥವೂ ಆಯಿತು. ಮತ್ತೆ ಜೋಡಿಸಿದಾಗ ಎರಡು ತಿರುಪು ಮಿಕ್ಕವು. ಕ್ಲಾಸಿನವರು ಕೈ ಮುಗಿದು ಮನೆಗೆ ಕಳಿಸಿದರು. ತಾಯಿ ತಲೆ ಚಚ್ಚಿಕೊಂಡು ತಮ್ಮನ ಹತ್ತಿರ ಬಂದಳು. "ನಿನ್ನ ಹತ್ರ ಬಿಚ್ಚೋಕೆ ಏನೂ ಇಲ್ವಲ್ಲಪ್ಪ, ಇವಳನ್ನ ಇಟ್ಕೊ" ಅಂದಳು.

ಸೋದರಮಾವನ ಕಾರ್ಖಾನೆ ಅಂದರೆ ಉದ್ದನೆಯ ಒಂದೇ ಕೋಣೆ. ಬೀದಿ ಕಡೆಗೆ ಮಾರುವ ಕಟ್ಟೆ, ನಡುವೆ ಗರಗಸದ ಮೇಜು, ಹಿಂದಿನ ಕಿಟಕಿಯ ಬೆಳಕಿನಲ್ಲಿ ತಿಕ್ಕುವ ಮಣೆ. ಮಾವ ಮೊದಲ ದಿನ ಅವಳ ಮುಂದೆ ಒಂದು ಬುಟ್ಟಿ ಎಲೆ ಸುರಿದ. ಅಂಗೈಯಗಲದ ಎಲೆಗಳು. ಅರ್ಧ ಹಸಿರು, ಅರ್ಧ ಒಣಗಿದ ಬಣ್ಣ. ಮುಟ್ಟಿದರೆ ಬೆಕ್ಕಿನ ನಾಲಿಗೆ.

"ಇದೇನು ಮಾವ?"

"ಗರಗತ್ತಿ. ಅತ್ತಿ ಜಾತಿ ಮರ. ಎಲೆ ಸೀಳು, ಸುರುಳಿ ಸುತ್ತು, ಸಂದಿಗೆ ತೂರಿಸು, ತಿಕ್ಕು."

"ಯಾಕೆ ಎಲೆ? ಪಾಲಿಶ್ ಪೇಪರ್ ಸಿಗುತ್ತಲ್ಲ?"

"ತಿಕ್ಕಮ್ಮ."

"ಯಾಕೆ ಒರಟಾಗಿದೆ ಇದು? ಬೇರೆ ಅತ್ತಿ ಎಲೆ ಹೀಗಿರಲ್ಲ."

"ತಿಕ್ಕಮ್ಮ ಅಂದೆ."

"ಒಂದು ಎಲೆ ಇಷ್ಟು ಚುರುಕು, ಇನ್ನೊಂದು ಮೆತ್ತಗಿದೆ. ಯಾಕೆ?"

ಮಾವ ಗರಗಸ ಕೆಳಗಿಟ್ಟು, "ನಿನ್ನ ಹೆಸರು ಇನ್ಮೇಲೆ ಯಾಕಮ್ಮ" ಅಂದ. ಮಧ್ಯಾಹ್ನದೊಳಗೆ ಆ ಹೆಸರು ಬೀದಿಗೆಲ್ಲ ಹರಡಿತು. ನಿಜವಾದ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿಯಿತು.

ಮಾವ ಉತ್ತರ ಕೊಡಲಿಲ್ಲವಾದ್ದರಿಂದ ಅವಳು ತಾನೇ ಹುಡುಕಿಕೊಂಡಳು. ಪಾಲಿಶ್ ಪೇಪರಿನಲ್ಲಿ ಒಂದು ಬಾಚಣಿಗೆ ತಿಕ್ಕಿ ನೋಡಿದಳು. ಸಂದಿಯೊಳಗೆ ಮಡಚಿದ ಕಡೆ ಕಾಗದ ಹರಿಯಿತು, ಅದರ ಮರಳು ಉದುರಿ ಹಲ್ಲಿನ ಬುಡದಲ್ಲಿ ಸಿಕ್ಕಿಕೊಂಡಿತು. ಆ ಬಾಚಣಿಗೆಯಲ್ಲಿ ಅತ್ತೆ ತಲೆ ಬಾಚಿಕೊಂಡು, "ಕೂದಲು ಕಿತ್ತು ಬರ್ತಿದೆ ಕಣೆ!" ಎಂದು ಕೂಗಿದಳು. ಎಲೆ ಹಾಗಲ್ಲ. ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಸುರುಳಿ ಸುತ್ತಿದರೆ ಹಲ್ಲಿನ ಬುಡದ ತಿರುವಿಗೂ ಬಗ್ಗುತ್ತದೆ. ಬಲಿತ ಎಲೆ ಮರವನ್ನು ಕೆರೆಯುತ್ತದೆ, ಎಳೆಯದು ಹೊಳಪು ಕೊಡುತ್ತದೆ. ಬಿಸಿಲಿಗೆ ಮುಖ ಮಾಡಿದ ಕೊಂಬೆಯ ಎಲೆ ಹೆಚ್ಚು ಒರಟು ಎಂದು ಅವಳಿಗೆ ಅನಿಸಿತು. ಎಲೆಗಳನ್ನು ನಾಲ್ಕು ಡಬ್ಬಿಗಳಲ್ಲಿ ಬೇರೆ ಬೇರೆ ಇಡತೊಡಗಿದಳು. ಕೆಲಸಕ್ಕೆ ಬರದಷ್ಟು ಸವೆದದ್ದನ್ನು ಅತ್ತೆ ಒಯ್ದು ಮಸಿ ಹಿಡಿದ ಪಾತ್ರೆ ಉಜ್ಜುತ್ತಿದ್ದಳು. ಅದಕ್ಕೂ ಆಗದ್ದು ಪಕ್ಕದ ಮನೆಯ ಮೇಕೆಗೆ. ಆ ಮೇಕೆ ಅಷ್ಟು ಒರಟು ಎಲೆಯನ್ನು ಹಪ್ಪಳದ ಹಾಗೆ ಮೆಲ್ಲುವುದನ್ನು ನೋಡುತ್ತ ಯಾಕಮ್ಮ ಒಂದು ದಿನ ಅದರ ಬಾಯಿ ಬಿಡಿಸಿ ನಾಲಿಗೆ ಮುಟ್ಟಿ ನೋಡಿದಳು. ಮೇಕೆಗೂ ಅದರ ಒಡತಿಗೂ ಆ ಕುತೂಹಲ ಹಿಡಿಸಲಿಲ್ಲ.

ಎಲೆ ಬರುತ್ತಿದ್ದದ್ದು ಒಂದೇ ಮರದಿಂದ. ಗಲ್ಲಿಯ ಕೊನೆಗೆ ನೀರೆತ್ತುವ ಹಳೆಯ ಪಂಪ್‌ಹೌಸ್ ಇತ್ತು. ಯಂತ್ರಗಳು ನಿಂತು ವರ್ಷಗಳಾಗಿದ್ದವು. ಅದರ ಕಾಂಪೌಂಡಿನೊಳಗೆ ಮೂರಾಳೆತ್ತರದ ಗರಗತ್ತಿ. ವಾರಕ್ಕೆರಡು ಸಲ ಯಾಕಮ್ಮ ದೋಟಿ ಹಿಡಿದು ಹೋಗುತ್ತಿದ್ದಳು. ಎಲೆ ಕೊಯ್ಯುವಾಗ ಬಿಳಿ ಹಾಲು ಸೋರಿ ಬೆರಳಿಗೆ ಅಂಟುತ್ತಿತ್ತು. ಎಲೆಯ ಬುಡದಲ್ಲಿ ಗೋಲಿಗಿಂತ ಚಿಕ್ಕ ಕಾಯಿಗಳು. ಅವು ಹಳದಿಗೆ ತಿರುಗಿದರೂ ಒಂದು ಹಕ್ಕಿಯೂ ಬಂದು ಕೂರುತ್ತಿರಲಿಲ್ಲ. ಬೇರೆ ಅತ್ತಿಮರ ಹಣ್ಣು ಬಿಟ್ಟರೆ ಹಕ್ಕಿಗಳ ಗಲಾಟೆಗೆ ಕಿವಿ ಕಿವುಡಾಗುತ್ತದೆ. ಇಲ್ಲಿ ಗಪ್‌ಚುಪ್.

ಇಪ್ಪತ್ತನಾಲ್ಕಕ್ಕೆ ಅವಳ ಮದುವೆಯಾಯಿತು. ಗಂಡ ಸಿಟಿ ಬಸ್ಸಿನ ಕಂಡಕ್ಟರ್. ಎಲ್ಲರೂ ಕೂಗುತ್ತಿದ್ದದ್ದು ಹಾಗೆಯೇ, ಕಂಡಕ್ಟರ್. ಮಾತು ಕಡಿಮೆ, ನಗು ಜಾಸ್ತಿ. ಮದುವೆಯಾದ ಹೊಸದರಲ್ಲಿ ಅವಳು ಅವನನ್ನು ಪಂಪ್‌ಹೌಸಿಗೆ ಕರೆದುಕೊಂಡು ಹೋಗಿ, ಒಂದು ಹಳದಿ ಕಾಯಿಯನ್ನು ಬ್ಲೇಡಿನಲ್ಲಿ ಸೀಳಿ ತೋರಿಸಿದಳು. ಒಳಗಿನಿಂದ ಎಳ್ಳಿನ ಕಾಳಿಗಿಂತ ಚಿಕ್ಕ ರೆಕ್ಕೆಯ ಹುಳುಗಳು ಹತ್ತಿಪ್ಪತ್ತು ಎದ್ದು ಬಂದವು, ಬ್ಲೇಡಿನ ಮೇಲೆ ಒಂದು ಕ್ಷಣ ಮೈ ಒರೆಸಿಕೊಂಡು ಹಾರಿದವು.

"ಕೊಳೆತಿದೆ, ಬಿಸಾಕು" ಅಂದ ಕಂಡಕ್ಟರ್.

"ಕೊಳೆತಿಲ್ಲ ರೀ. ಮೂಸಿ ನೋಡಿ. ಎಷ್ಟು ಬಿಚ್ಚಿದ್ರೂ ಎಲ್ಲದರಲ್ಲೂ ಇದೇ. ಬೀಜ ಅನ್ನೋದು ಒಂದೂ ಇಲ್ಲ."

"ಇಲ್ಲದಿದ್ರೆ ನಿನಗೇನು?"

"ಬೀಜ ಇಲ್ದೆ ಈ ಮರ ಹುಟ್ಟಿದ್ದಾದ್ರೂ ಹೇಗೆ?"

ಕಂಡಕ್ಟರ್ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ಇಪ್ಪತ್ತೆಂಟು ವರ್ಷ ಬದುಕಿದ್ದರೂ ಅಂಥ ಪ್ರಶ್ನೆ ತನಗೆ ಒಮ್ಮೆಯೂ ಬಂದಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತೋ, ಖುಷಿಯಾಯಿತೋ, ಅಂತೂ ಅವತ್ತಿನಿಂದ ಅವನು ಅವಳ ಕಡೆಯವನಾದ. ಬಸ್ಸು ನಿಂತ ಕಡೆಯಲ್ಲೆಲ್ಲ ಕೈಗೆಟುಕಿದ ಒರಟು ಎಲೆ ಕಿತ್ತು ಟಿಕೆಟಿನ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದ. ಸಾಗುವಾನಿ ತಂದ, ಕುಂಬಳದ ಎಲೆ ತಂದ, ಒಂದು ದಿನ ಮೈಯೆಲ್ಲ ತುರಿಸುವ ಯಾವುದೋ ಬಳ್ಳಿಯನ್ನು ತಂದು ಎರಡು ದಿನ ರಜೆ ಹಾಕಿದ. ಗರಗತ್ತಿ ಮಾತ್ರ ಸಿಗಲಿಲ್ಲ.

ಆ ಕಾಯಿಗಳನ್ನು ಅವಳು ಮಾವನ ಹಿತ್ತಲಿನ ಕುಂಡದಲ್ಲಿ ಬಿತ್ತಿದಳು, ಒಣಗಿಸಿ ಬಿತ್ತಿದಳು, ನೆನೆಸಿ ಬಿತ್ತಿದಳು. ಎರಡು ಎಲೆಯ ಒಂದು ಮೊಳಕೆಯೂ ಬರಲಿಲ್ಲ. ಕುಂಡದಲ್ಲಿ ಎದ್ದದ್ದು ಯಾವಾಗಲೂ ಮೆಣಸಿನ ಗಿಡ. ಅತ್ತೆ ಪಾತ್ರೆ ತೊಳೆದ ನೀರು ಸುರಿಯುತ್ತಿದ್ದದ್ದು ಅಲ್ಲಿಗೇ. ಹೀಗೆ ವರ್ಷಗಳು ಹೋದವು. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ, ಬಿಡಲೂ ಇಲ್ಲ.

ಅವಳಿಗೆ ಮೂವತ್ತೆಂಟಾದಾಗ ಮಾವನ ಕಣ್ಣಿಗೆ ಪೊರೆ ಬಂದಿತು. ಹಲ್ಲು ಕೊಯ್ಯುವಾಗ ಗರಗಸ ಗೆರೆ ತಪ್ಪತೊಡಗಿತು. ಊರಿನ ಇನ್ನೊಂದು ತುದಿಯ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ಅತ್ತೆಗೆ ರಕ್ತ, ಪಟ್ಟಿ ಕಂಡರೆ ಆಗದು. ಹಾಗಾಗಿ ಜೊತೆಗೆ ಉಳಿದವಳು ಯಾಕಮ್ಮ. ಎರಡನೆಯ ಮಹಡಿಯ ವಾರ್ಡು, ಸಾಲಾಗಿ ಎಂಟು ಮಂಚ, ಎಲ್ಲರ ಒಂದೊಂದು ಕಣ್ಣಿಗೂ ಬಿಳಿ ಪಟ್ಟಿ. ಮಾವ ಮಲಗಿದ್ದ. ಅವಳು ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಕೂತಳು.

ಕಿಟಕಿಯ ಆಚೆ ಹಕ್ಕಿಗಳು ಜಗಳವಾಡುತ್ತಿದ್ದವು. ಮೈನಾ, ಪಿಕಳಾರ, ಹೆಸರು ಗೊತ್ತಿಲ್ಲದ ಒಂದು ಹಸಿರು ಹಕ್ಕಿ. ನೀರಿನ ತೊಟ್ಟಿಯ ಗೋಡೆಗೆ ಬೇರು ಊರಿ ಬೆಳೆದ ಮರದಲ್ಲಿ ಕೆಂಪಗೆ ಸಣ್ಣ ಹಣ್ಣುಗಳು. ಅವಳು ಹಕ್ಕಿಗಳನ್ನು ನೋಡುತ್ತ ನೋಡುತ್ತ ಎಲೆ ನೋಡಿದಳು. ಎದ್ದು ನಿಂತಳು. ಸ್ಟೂಲು ಬಿತ್ತು. ಎಂಟು ಮಂಚದ ಎಂಟು ತಲೆಗಳು ಒಟ್ಟಿಗೆ ತಿರುಗಿದವು.

"ಏನಾಯ್ತಮ್ಮ?" ನರ್ಸ್ ಓಡಿ ಬಂದಳು.

"ಆ ಮರ! ಅದರ ಹತ್ರ ಹೋಗೋಕೆ ದಾರಿ ಎಲ್ಲಿ, ಸಿಸ್ಟರ್?"

"ರೋಗಿ ಹತ್ರ ಕೂತ್ಕೊಳ್ಳೋಕೆ ಬಂದಿದೀರಾ, ಮರ ಹತ್ತೋಕಾ?"

"ಹೋಗಲಿ ಬಿಡಿ ಸಿಸ್ಟರ್" ಎಂದ ಮಾವ ಮಂಚದಿಂದ, ಅಲುಗಾಡದೆ. "ತಡೆದ್ರೆ ಅವಳು ನಿಮ್ಮನ್ನ ಯಾಕೆ ಯಾಕೆ ಅಂತ ಕೇಳ್ತಾ ಇಲ್ಲೇ ಇರ್ತಾಳೆ. ನಂಗೆ ನಿದ್ದೆ ಬರಲ್ಲ."

ಅವಳು ಕೆಳಗಿಳಿದು ತೊಟ್ಟಿಯ ಹಿಂದೆ ಹೋದಳು. ಉದುರಿದ ಎಲೆಯೊಂದನ್ನು ಉಗುರಿನ ಮೇಲೆ ತಿಕ್ಕಿದಳು. ಉಗುರು ಬೆಳ್ಳಗಾಯಿತು. ಗರಗತ್ತಿಯೇ. ಕೆಂಪು ಹಣ್ಣೊಂದನ್ನು ಕಚ್ಚಿದಳು. ಸಪ್ಪೆ ಸಿಹಿ, ನಾಲಿಗೆಯ ಮೇಲೆ ಗಸಗಸೆಯಂಥ ಕಾಳು. ಹುಳು ಒಂದೂ ಇಲ್ಲ. ಹತ್ತು ಹಣ್ಣು ಬಿಚ್ಚಿದಳು, ಇಪ್ಪತ್ತು ಬಿಚ್ಚಿದಳು. ಬರೀ ಬೀಜ. ಅಲ್ಲಿ ಬರೀ ಹುಳು, ಇಲ್ಲಿ ಬರೀ ಬೀಜ. ಎಲೆ ಒಂದೇ, ಹಾಲು ಒಂದೇ, ಕಾಯಿಯ ಆಕಾರ ಒಂದೇ. ಸೀರೆಯ ಸೆರಗಿನಲ್ಲಿ ಹಣ್ಣು ಕಟ್ಟಿಕೊಂಡು ಮೆಟ್ಟಿಲು ಹತ್ತುವಾಗ ಅವಳಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಇವು ಎರಡು ಮರವಲ್ಲ, ಗಂಡಹೆಂಡತಿ.

ನಾಲ್ಕನೆಯ ದಿನ ಮಾವನ ಪಟ್ಟಿ ಬಿಚ್ಚಿದರು. ಅವನು ಅವಳ ಜಡೆಯಲ್ಲಿ ಸಿಕ್ಕಿಸಿದ್ದ ಬಾಚಣಿಗೆ ತೆಗೆಸಿಕೊಂಡು ಬೆಳಕಿಗೆ ಹಿಡಿದ. ಒಂದೊಂದೇ ಸಂದಿ ನೋಡಿದ. ಬಹಳ ಹೊತ್ತು ನೋಡಿದ.

"ಇಷ್ಟು ವರ್ಷ ಇಷ್ಟು ಚೆನ್ನಾಗಿ ಮಾಡ್ತಿದ್ಯಾ ನೀನು?"

"ಮತ್ತೆ? ನೀನು ನೋಡ್ತಿರಲಿಲ್ವಾ?"

"ಕೈಯಲ್ಲಿ ಮುಟ್ಟಿ ನೋಡ್ತಿದ್ದೆ. ಕಣ್ಣಲ್ಲಿ ನೋಡಿದ್ದು ಇವತ್ತೇ" ಅಂದ ಮಾವ. ಅವನ ಬಾಯಿಂದ ಹೊಗಳಿಕೆ ಬಂದದ್ದು ಅದೊಂದೇ ಸಲ. ಅವಳಿಗೆ ಅವತ್ತು ಅದನ್ನು ಪೂರ್ತಿ ಸವಿಯಲು ಬಿಡುವಿರಲಿಲ್ಲ. ಸೆರಗಿನಲ್ಲಿದ್ದ ಹಣ್ಣು ಕೊಳೆಯುವ ಮೊದಲು ಬಿತ್ತಬೇಕಿತ್ತು.

ಒದ್ದೆ ಇಟ್ಟಿಗೆಯ ಮೇಲೆ ಬಿತ್ತಿದ ಕಾಳು ಮೂರು ವಾರದ ನಂತರ ಮೊಳೆಯಿತು. ಗುಂಡುಸೂಜಿಯ ತಲೆಯಷ್ಟು ಹಸಿರು. ಆಮೇಲೆ ಬಂದ ಎಲೆಗಳು ದೊಡ್ಡ ಮರದ ಎಲೆಯ ಹಾಗಿರದೆ ಅಲ್ಲಲ್ಲಿ ಸೀಳಿಕೊಂಡಿದ್ದವು. ಬೇರೆ ಯಾವುದೋ ಗಿಡ ಬಂದಿತೆಂದು ಅತ್ತೆ ಕಿತ್ತೆಸೆಯಲು ಹೋದಳು. ಯಾಕಮ್ಮ ಅವಳ ಕೈ ಹಿಡಿದು ಎಲೆಯ ಮೇಲಿಟ್ಟಳು. ಅತ್ತೆ ಕೈ ಹಿಂದಕ್ಕೆಳೆದುಕೊಂಡು, "ಹೌದೇ, ನಮ್ಮದೇ ಇದು" ಅಂದಳು.

ಕಂಡಕ್ಟರನ ಬಸ್ಸಿನಲ್ಲಿ ದಿನವೂ ಓಡಾಡುವವರಲ್ಲಿ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಒಬ್ಬರಿದ್ದರು. ಅವನು ಟಿಕೆಟು ಹರಿಯುತ್ತ, "ಮೇಡಂ, ನಮ್ಮನೆಯವಳಿಗೆ ಒಂದು ಡೌಟು" ಅಂದ. ಡೌಟು ಏನೆಂದು ಕೇಳಿ ಮೇಡಂ ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದೆ ಹೋದರಂತೆ.

ಮುಂದಿನ ಶನಿವಾರ ಯಾಕಮ್ಮ ಎರಡು ಡಬ್ಬಿ ಹಿಡಿದು ಕಾಲೇಜಿಗೆ ಹೋದಳು. ಒಂದರಲ್ಲಿ ಪಂಪ್‌ಹೌಸಿನ ಕಾಯಿ, ಇನ್ನೊಂದರಲ್ಲಿ ಆಸ್ಪತ್ರೆಯ ಹಣ್ಣು. ಮೇಡಂ ಇನ್ನೂ ಚಿಕ್ಕ ವಯಸ್ಸಿನವರು, ಕನ್ನಡಕ ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ಎರಡನ್ನೂ ಬಿಚ್ಚಿ ನೋಡಿ, "ನೀವು ಏನಂದ್ಕೊಂಡಿದೀರಿ, ಮೊದಲು ಹೇಳಿ" ಅಂದರು.

"ಒಂದು ಗಂಡು, ಒಂದು ಹೆಣ್ಣು. ಹುಳು ನಡುವೆ ಓಡಾಡುತ್ತೆ. ಯಾಕೆ ಓಡಾಡುತ್ತೆ ಅಂತ ಗೊತ್ತಿಲ್ಲ."

ಮೇಡಂ ಕುರ್ಚಿಗೆ ಒರಗಿದರು. "ನಾನು ಇದನ್ನ ಪಾಠ ಓದಿ ಕಲಿತೆ. ನೀವು ಸೆರಗಲ್ಲಿ ಕಟ್ಕೊಂಡು ಕಲ್ತಿದೀರಿ. ಸರಿಯಾಗೇ ಇದೆ." ಆಮೇಲೆ ವಿವರಿಸಿದರು. ಈ ಕಾಯಿಯೆಂಬುದು ಕಾಯಿಯಲ್ಲ, ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲ. ಆ ಹುಳು ಕಣಜದ ಜಾತಿ. ಗಂಡುಮರದ ಚೀಲದಲ್ಲಿ ಅದರ ಮೊಟ್ಟೆಗೆ ಜಾಗವುಂಟು. ಅಲ್ಲಿ ಹುಟ್ಟಿದ ಹೆಣ್ಣುಹುಳು ಮೈಗೆ ಪರಾಗ ಮೆತ್ತಿಕೊಂಡು ಹೊರಗೆ ಹಾರುತ್ತದೆ, ಇನ್ನೊಂದು ಎಳೆಯ ಚೀಲ ಹುಡುಕಿ ಒಳಗೆ ನುಗ್ಗುತ್ತದೆ. ಅದು ಹೆಣ್ಣುಮರದ್ದಾದರೆ ಪರಾಗ ತಗಲಿ ಬೀಜವಾಗುತ್ತದೆ.

"ಹೆಣ್ಣುಮರದಲ್ಲಿ ಮೊಟ್ಟೆ ಇಡೋಕೆ ಆಗಲ್ವಾ?"

"ಆಗಲ್ಲ. ಹೂವಿನ ನಳಿಕೆ ಉದ್ದ. ಇಡೋಕೆ ನೋಡಿ ನೋಡಿ ಅಲ್ಲೇ ಸತ್ತುಹೋಗುತ್ತೆ."

"ಅಯ್ಯೋ ಪಾಪ! ಹಾಗಾದ್ರೆ ಅಲ್ಲಿಗೆ ಯಾಕೆ ಹೋಗುತ್ತೆ?"

"ಹೊರಗಿಂದ ಎರಡೂ ಒಂದೇ ಥರ ಕಾಣುತ್ತೆ, ಒಂದೇ ಥರ ವಾಸನೆ. ಅದಕ್ಕೆ ಗೊತ್ತಾಗಲ್ಲ."

ಆಮೇಲೆ ಮೇಡಂ ಎಲೆಯ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅವಳನ್ನು ಕರೆದರು. ಇಪ್ಪತ್ತು ವರ್ಷ ಬೆರಳಿನಲ್ಲಿ ಓದಿದ ಎಲೆಯನ್ನು ಅವಳು ಮೊದಲ ಸಲ ಒಳಹೊಕ್ಕು ನೋಡಿದಳು. ಮೈತುಂಬ ಒಂದೇ ಕಡೆ ಬಾಗಿದ ಚೂಪು ಮುಳ್ಳುಗಳು, ಗಾಜಿನ ಹಾಗೆ ಹೊಳೆಯುತ್ತಿದ್ದವು. ಮಣ್ಣಿನಲ್ಲಿರುವ ಮರಳಿನ ಸಾರವನ್ನು ಬೇರು ನೀರಿನೊಂದಿಗೆ ಹೀರಿ ಎಲೆಗೆ ಕಳಿಸುತ್ತದೆ ಎಂದರು ಮೇಡಂ.

"ಅಂದ್ರೆ ಪಾಲಿಶ್ ಪೇಪರಿಗೆ ಮೇಲಿಂದ ಅಂಟಿಸೋದನ್ನ ಇದು ಒಳಗಿಂದ ಅಂಟಿಸ್ಕೊಂಡಿದೆ. ಅದಕ್ಕೇ ಉದುರಲ್ಲ!"

"ಹೌದಲ್ಲ" ಎಂದು ಮೇಡಂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಬೇರೆ ಕಡೆಗಳಲ್ಲಿ ಇದೇ ಮರದ ತೊಗಟೆಯಿಂದ ನಾರು ತೆಗೆಯುತ್ತಾರೆ, ಕೆಮ್ಮಿಗೆ ಹೊಟ್ಟೆನೋವಿಗೆ ಕಷಾಯ ಮಾಡುತ್ತಾರೆ, ಎಷ್ಟು ಗುಣವೋ ತನಗೆ ಗೊತ್ತಿಲ್ಲ ಎಂದರು. ಯಾಕಮ್ಮ ಹೊಟ್ಟೆನೋವಿನ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನಾರಿನ ಮಾತು ಕೇಳಿ ಮನೆಗೆ ಹೋದವಳೇ ಒಂದು ಕೊಂಬೆಯ ತೊಗಟೆ ಸುಲಿದು ಹಗ್ಗ ಹೊಸೆದು, ಕಂಡಕ್ಟರನ ಊಟದ ಡಬ್ಬಿಗೆ ಹಿಡಿ ಕಟ್ಟಿದಳು. ಮೂರು ದಿನ ತಡೆಯಿತು.

ಸಸಿಗಳು ಮೂರು ಉಳಿದಿದ್ದವು. ಒಂದನ್ನು ಪಕ್ಕದ ಮನೆಯ ಮೇಕೆ ತಿಂದಿತು. ಇನ್ನೊಂದನ್ನು ಕಾರ್ಖಾನೆಯ ಹಿತ್ತಲಿನಲ್ಲಿ, ಮತ್ತೊಂದನ್ನು ಕಾಲೇಜಿನ ತೋಟದಲ್ಲಿ ನೆಟ್ಟರು. ಯಾವುದು ಗಂಡು ಯಾವುದು ಹೆಣ್ಣು ಎಂದು ಕೇಳಿದ್ದಕ್ಕೆ ಮೇಡಂ, "ಕಾಯಿ ಬಿಡೋವರೆಗೆ ಅದು ಹೇಳಲ್ಲ" ಅಂದರು.

ಅದಾಗಿ ಮೂರು ವರ್ಷಕ್ಕೆ ದೊಡ್ಡ ಗಾಳಿ ಬಂದಿತು. ಮಧ್ಯಾಹ್ನ ಮೂರು ಗಂಟೆ, ಹತ್ತೇ ನಿಮಿಷ. ಕಾರ್ಖಾನೆಯ ಮಾಡಿನ ಎರಡು ತಗಡು ಹಾರಿದವು. ಮಾವ ಗರಗಸದ ಮೇಜಿನ ಕೆಳಗೆ ತೂರಿಕೊಂಡ. ಗಾಳಿ ನಿಂತ ಮೇಲೆ ಯಾಕಮ್ಮ ಗಲ್ಲಿಯ ಕೊನೆಗೆ ಓಡಿದಳು. ಗರಗತ್ತಿ ಪಂಪ್‌ಹೌಸಿನ ಗೋಡೆಯನ್ನೂ ಕೆಡವಿಕೊಂಡು ಮಲಗಿತ್ತು. ಬುಡದೊಳಗೆಲ್ಲ ಪೊಳ್ಳು. ಅವಳು ಅದರ ಮೇಲೆ ಕೈಯಿಟ್ಟು ನಿಂತಳು. ಇಪ್ಪತ್ತೆರಡು ವರ್ಷ ಅದರಿಂದ ಎಲೆ ಕಿತ್ತವಳು ಅವತ್ತು ಒಂದೆಲೆಯನ್ನೂ ಕೀಳಲಿಲ್ಲ. ಮರುದಿನ ಕೊಡಲಿಯವರು ಬಂದಾಗ, ಎಲೆ ಹಾಳಾಗುತ್ತದಲ್ಲ ಎಂದು ಮಾವನೇ ಹೋಗಿ ನಾಲ್ಕು ಮೂಟೆ ತುಂಬಿಸಿ ತಂದ. "ಅಳಬೇಡ್ವೇ" ಅಂದ. "ಎಲೆಗೆ ಆಸ್ಪತ್ರೆ ಮರ ಇದೆಯಲ್ಲ."

ಇತ್ತು. ಆಸ್ಪತ್ರೆಯ ಮಾಲಿಗೆ ಎರಡು ಬಾಚಣಿಗೆ ಕೊಟ್ಟರೆ ಬೇಕಾದಷ್ಟು ಎಲೆ ಕೊಡುತ್ತಿದ್ದ. ಆದರೆ ಮುಂದಿನ ವರ್ಷ ಅಲ್ಲಿಗೆ ಹೋದ ಯಾಕಮ್ಮ ಮರದ ಕೆಳಗೆ ನಿಂತು ಕಿವಿಗೊಟ್ಟಳು. ಹಕ್ಕಿಗಳ ಸದ್ದಿಲ್ಲ. ನೆಲದ ತುಂಬ ಹಸಿರು ಕಾಯಿ ಉದುರಿ ಬಿದ್ದಿದ್ದವು. ಬಿಚ್ಚಿದರೆ ಬೀಜವಿಲ್ಲ, ಏನೂ ಇಲ್ಲ.

"ಈ ಸಲ ಮರಕ್ಕೆ ಏನೋ ರೋಗ" ಅಂದ ಮಾಲಿ.

"ರೋಗ ಅಲ್ಲಪ್ಪ. ಹುಳು ಬರೋ ಮನೆ ಬಿದ್ದುಹೋಯ್ತು."

ಅದನ್ನು ಅವಳು ಮೇಡಂಗೆ ಹೇಳಿದಾಗ ಅವರು ಬಸ್ಸಿನಲ್ಲಿಯೇ ಡೈರಿ ತೆಗೆದರು. ಪುಸ್ತಕದಲ್ಲಿ ಓದಿದ್ದನ್ನು ಊರಿನೊಳಗೆ, ಒಂದು ಗಾಳಿಯ ನೆಪದಲ್ಲಿ, ಹೀಗೆ ಕಣ್ಣಾರೆ ಕಾಣುವುದು ಅಪರೂಪ ಎಂದರು. ಇಡೀ ಊರಿಗೆ ಅದೊಂದೇ ಗಂಡುಮರ ಇತ್ತೇನೋ. ಇನ್ನು ಉಳಿದಿರುವುದು ಆ ಎರಡು ಸಸಿ. ಎರಡೂ ಹೆಣ್ಣಾಗಿಬಿಟ್ಟರೆ?

ಮೂರು ವರ್ಷ ಕಾದರು. ಹಿತ್ತಲಿನ ಗಿಡ ಮೊದಲು ಕಾಯಿ ಬಿಟ್ಟಿತು. ಮೇಡಂ ನೋಡಿ ಹೆಣ್ಣು ಎಂದರು. ಮಾವ, "ಹುಳು ಇಲ್ಲದ ಮೇಲೆ ಹಣ್ಣೂ ಇಲ್ಲ, ನನ್ನ ಹಿತ್ತಲಲ್ಲಿ ಹಕ್ಕಿ ಗಲಾಟೆ ಇಲ್ವಲ್ಲ ಸದ್ಯ" ಅಂದ. ನಾಲ್ಕು ತಿಂಗಳ ನಂತರ ಕಾಲೇಜಿನ ಗಿಡದಲ್ಲಿ ಐದಾರು ಕಾಯಿ ಕಂಡವು. ಮೇಡಂ ಬ್ಲೇಡನ್ನು ಯಾಕಮ್ಮನಿಗೇ ಕೊಟ್ಟರು. ಒಳಗಿನ ಹೂವಿನ ನಳಿಕೆ ಗಿಡ್ಡ. ಗಂಡು. ಇಬ್ಬರೂ ಹುಡುಗಿಯರ ಹಾಗೆ ಕೈ ಹಿಡಿದು ಕುಣಿದರು. ತೋಟದಲ್ಲಿ ಪರೀಕ್ಷೆಗೆ ಓದುತ್ತಿದ್ದವರು ಪುಸ್ತಕ ಮುಚ್ಚಿ ನೋಡಿದರು.

ಮನೆ ಸಿದ್ಧವಾಯಿತು, ಒಕ್ಕಲಿಲ್ಲ. ಆ ವರ್ಷದ ಕಾಯಿಯೆಲ್ಲ ಹುಳುವಿಲ್ಲದೆ ಉದುರಿತು. ಮುಂದಿನ ವರ್ಷವೂ ಮೊದಲ ಸುತ್ತು ಉದುರಿತು. ಎರಡನೆಯ ಸುತ್ತಿನಲ್ಲಿ, ಒಂದು ಬೆಳಗ್ಗೆ, ಹಳದಿಗೆ ತಿರುಗಿದ ಒಂದು ಕಾಯಿಯ ಮೈಯಲ್ಲಿ ಸೂಜಿ ಚುಚ್ಚಿದಷ್ಟು ತೂತು ಕಂಡಿತು. ಯಾಕಮ್ಮ ನೋಡುತ್ತಿದ್ದಂತೆ ಆ ತೂತಿನಿಂದ ಒಂದು ಹುಳು ತಲೆ ಹಾಕಿತು, ಮೈ ಒರೆಸಿಕೊಂಡಿತು, ಹಾರಿತು.

ಎಲ್ಲಿಂದ ಬಂದಿತು ಅದರ ತಾಯಿ? ಆ ಹುಳು ಬದುಕುವುದು ಒಂದೆರಡು ದಿನ. ಊರಿನಲ್ಲಿ ಬೇರೆ ಗಂಡುಮರವಿಲ್ಲ. ಮೇಡಂ ಗಾಳಿ ಬೀಸುವ ದಿಕ್ಕು ನೋಡಿ, "ಪಶ್ಚಿಮದಿಂದ ಬಂದಿರಬಹುದು" ಅಂದರು.

"ಇರಬಹುದು ಅಂದ್ರೆ ಹೇಗೆ ಮೇಡಂ?"

ಅಲ್ಲಿಂದ ಭಾನುವಾರಗಳೆಲ್ಲ ಪಶ್ಚಿಮಕ್ಕೆ ಮೀಸಲಾದವು. ಕಂಡಕ್ಟರಿಗೆ ರಜೆಯ ದಿನವೂ ಬಸ್ಸೇ ಗತಿಯಾಯಿತು. ಹೆಂಡತಿ ಕಿಟಕಿಯ ಸೀಟು, ಅವನು ಪಕ್ಕ. ಆರನೆಯ ಭಾನುವಾರ ಕೊನೆಯ ಸ್ಟಾಪಿನಲ್ಲಿ, ಇಟ್ಟಿಗೆ ಭಟ್ಟಿಗಳ ಪಕ್ಕದಲ್ಲಿ, ಒಬ್ಬ ಹೆಂಗಸು ತಲೆಯ ಮೇಲೆ ಮೇಕೆಗೆಂದು ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಳು. ಯಾಕಮ್ಮ ಹಿಂದಿನಿಂದ ಹೋಗಿ ಒಂದೆಲೆ ಎಳೆದು ಉಗುರಿಗೆ ತಿಕ್ಕಿದಳು.

"ಏಯ್, ಯಾರದು!"

"ಅಕ್ಕಾ, ಬೈಕೋಬೇಡಿ. ಇದು ಎಲ್ಲಿ ಸಿಕ್ತು?"

"ಕಾಲುವೆ ಆಚೆ. ಅಲ್ಲಿ ಬೇಕಾದಷ್ಟಿದೆ. ಯಾಕೆ, ನಿಮ್ಮದೂ ಮೇಕೆ ಇದೆಯಾ?"

"ಇಲ್ಲಕ್ಕ. ಬಾಚಣಿಗೆ ಇದೆ" ಅಂದ ಕಂಡಕ್ಟರ್. ಆ ಹೆಂಗಸು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಹೊರೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೇಗ ಬೇಗ ನಡೆದಳು.

ಕಾಲುವೆಯ ಆಚೆ ಐದು ಗರಗತ್ತಿ ಸಾಲಾಗಿ ನಿಂತಿದ್ದವು. ಎರಡರಲ್ಲಿ ಹುಳು, ಮೂರರಲ್ಲಿ ಕೆಂಪು ಹಣ್ಣು. ಕಾಲೇಜಿನಿಂದ ಅಲ್ಲಿಗೆ ಹದಿಮೂರು ಸ್ಟಾಪು. ಅಷ್ಟು ದೂರ ಎಳ್ಳಿನಷ್ಟು ಹುಳು ಹಾರಿಬಂದಿತೆಂದು ಯಾಕಮ್ಮ ನಂಬಲು ಸಿದ್ಧಳಿದ್ದಳು, ಆದರೆ ನೋಡದೆ ನಂಬಲು ಅಲ್ಲ. ಮೇಡಂ ಉಪಾಯ ಹೇಳಿದರು: ಹಳದಿ ರಟ್ಟಿಗೆ ಅಂಟು ಬಳಿದು ದಾರಿಯುದ್ದಕ್ಕೂ ಎತ್ತರದಲ್ಲಿ ಕಟ್ಟುವುದು. ಕಂಡಕ್ಟರ್ ತನ್ನ ಡಿಪೋದವರ ಕೈಕಾಲು ಹಿಡಿದು ಒಪ್ಪಿಸಿ, ಹದಿಮೂರು ಸ್ಟಾಪಿನ ಕಂಬಗಳಿಗೆ ಹದಿಮೂರು ರಟ್ಟು ಕಟ್ಟಿದ. ಜನ ಅದನ್ನು ಬಣ್ಣದ ಕಂಪನಿಯ ಜಾಹೀರಾತೆಂದುಕೊಂಡರು. ಕೆಳಗೆ ಜಾರಿದ ಒಂದಕ್ಕೆ ಒಬ್ಬರ ಟೋಪಿ ಅಂಟಿಕೊಂಡಿತು.

ವಾರವಾದ ಮೇಲೆ ರಟ್ಟುಗಳು ಪ್ರಯೋಗಶಾಲೆಯ ಮೇಜಿಗೆ ಬಂದವು. ಸೊಳ್ಳೆ, ಗುಂಗಾಡು, ಧೂಳು, ಬಸ್ಸಿನ ಹೊಗೆ. ಮೇಡಂ ಒಂದು ರಟ್ಟು, ಯಾಕಮ್ಮ ಒಂದು ರಟ್ಟು, ಹೀಗೆ ಹಂಚಿಕೊಂಡು ಬೆಳಗ್ಗೆಯಿಂದ ನೋಡಿದರು. ಊಟದ ಡಬ್ಬಿ ಹಾಗೇ ಉಳಿಯಿತು. ಸಂದಿ ನೋಡಿ ನೋಡಿ ಪಳಗಿದ ಕಣ್ಣು ಯಾಕಮ್ಮನದು. ಸಂಜೆ ನಾಲ್ಕರ ಹೊತ್ತಿಗೆ, ನಡುದಾರಿಯ ಏಳನೆಯ ಸ್ಟಾಪಿನ ರಟ್ಟಿನ ಮೇಲ್ತುದಿಯಲ್ಲಿ ಅವಳ ಸೂಜಿ ನಿಂತಿತು.

"ಇದನ್ನ ನೋಡಿ ಮೇಡಂ."

ಮೇಡಂ ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತಿರುಪು ತಿರುಗಿಸಿದರು. ಮತ್ತೆ ತಿರುಗಿಸಿದರು.

"ಒಂದೇ ಒಂದು" ಅಂದರು. "ಆದರೆ ಅದೇ. ಮೈಮೇಲೆ ಪರಾಗ ಕೂಡ ಇದೆ."

ಆ ವರ್ಷದ ಕೊನೆಗೆ ಆಸ್ಪತ್ರೆಯ ಮರ ಮತ್ತೆ ಕೆಂಪಗಾಯಿತು, ಹಿತ್ತಲಿನದೂ. ಹಕ್ಕಿಗಳು ಬಂದವು. ಎಂಬತ್ತು ದಾಟಿದ್ದ ಮಾವ ತಗಡಿನ ಮೇಲೆ ಕೋಲು ಬಡಿದು ಅವನ್ನು ಓಡಿಸುತ್ತಿದ್ದ, ಅವು ಮತ್ತೆ ಬರುತ್ತಿದ್ದವು. ಯಾಕಮ್ಮ ಕಿಟಕಿಯ ಬೆಳಕಿನಲ್ಲಿ ಕೂತು ಸಂದಿ ತಿಕ್ಕುತ್ತ, ಹಕ್ಕಿಗಳು ಆ ಬೀಜವನ್ನು ಇನ್ನು ಯಾವ ಯಾವ ಗೋಡೆಯ ಬಿರುಕಿನಲ್ಲಿ ಹಾಕುತ್ತವೆಯೋ ಎಂದು ಲೆಕ್ಕ ಹಾಕುತ್ತಿದ್ದಳು. ಬಸ್ಸು ಹೋಗುವ ದಾರಿಯ ಬಿರುಕು ಗೋಡೆಗಳ ಪಟ್ಟಿ ಮಾಡಲು ಕಂಡಕ್ಟರಿಗೆ ಆಗಲೇ ಹೇಳಿಯಾಗಿತ್ತು.